ಮುಂದೆ ಬರುವ ಫೋನುಗಳಲ್ಲಿ ಮಾಮೂಲಿ ಕರೆ ಹೋಗಿ ಬರೀ ಇಂಟರ್ನೆಟ್ ಕರೆ ಉಳಿಯುತ್ತದೆಯೇ?

ಒಳಗಿನ ತಂತ್ರ ನೋಡಿದರೆ ಹೆಚ್ಚುಕಡಿಮೆ ಆಗಲೇ ಆಗಿದೆ. 2016ರಲ್ಲಿ ಬಂದ ಜಿಯೋದಲ್ಲಿ ಮೊದಲಿನಿಂದಲೂ ಕರೆಗಳೆಲ್ಲ ವೋಲ್ಟಿ, ಅಂದರೆ ದನಿ ಡೇಟಾ ತುಣುಕುಗಳಾಗಿಯೇ ಹೋಗುತ್ತದೆ. ವಾಟ್ಸಾಪ್ ಕರೆಗೂ ಇದಕ್ಕೂ ವ್ಯತ್ಯಾಸವಿರುವುದು ಸರದಿಯಲ್ಲಿ: ವೋಲ್ಟಿ ದನಿಗೆ ನೆಟ್‌ವರ್ಕ್ ಮೊದಲು ದಾರಿ ಬಿಡುತ್ತದೆ, ವಾಟ್ಸಾಪ್ ದನಿ ಎಲ್ಲರ ವಿಡಿಯೋಗಳ ಜೊತೆ ಕಾಯಬೇಕು. ಬನಶಂಕರಿ ಜಾತ್ರೆಯಂಥ ಗದ್ದಲದಲ್ಲಿ ವಾಟ್ಸಾಪ್ ದನಿ ಮೊದಲು ತುಂಡಾಗಲು ಇದೇ ಕಾರಣ.

ಟವರ್ ಇಲ್ಲದೆ ನೇರ ಉಪಗ್ರಹದ ಮೂಲಕ ಹೋಗುವ ಕರೆ ಬರಲಿ ಅಂತ ಹೊಸ ಫೋನ್ ಕೊಳ್ಳುವುದನ್ನು ಮುಂದೂಡಬೇಡಿ. 2022ರಲ್ಲಿ ಐಫೋನ್ 14 ತಂದದ್ದು ತುರ್ತು ಸಂದೇಶ, ಅದಕ್ಕೂ ಬಯಲಲ್ಲಿ ನಿಲ್ಲಬೇಕು. ನಮ್ಮ ಬಾಗಲಕೋಟೆ ಕಡೆಯ ದಪ್ಪ ಗೋಡೆಯ ಮಾಳಿಗೆ ಮನೆಗಳಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವುದು ವೈಫೈ ಕಾಲಿಂಗ್, ಅಂದರೆ ಟವರ್ ಸಿಗ್ನಲ್ ಬದಲು ಮನೆಯ ವೈಫೈ ಮೂಲಕ ಹೋಗುವ ಮಾಮೂಲಿ ಕರೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಇದ್ದರೆ ಇವತ್ತೇ ಆನ್ ಮಾಡಿ, ಬೇರೆ ಆ್ಯಪ್ ಬೇಕಿಲ್ಲ.