ಹಸಿರು ಹೊಲದಲ್ಲಿ ಬರ ಇದೆ ಅಂತ ಯಾರಿಗೆ ಹೇಗೆ ಹೇಳೋದು?

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯೆ. ಜುಲೈ ಹದಕ್ಕೆ ಕಡ್ಲೆಕಾಯಿ ಹಾಕಿದೆವು, ಆಮೇಲೆ ಮಳೆಯೇ ಇಲ್ಲ. ಗ್ರಾಮಸಭೆಯಲ್ಲಿ ಮಳೆ ಕೊರತೆಯ ಶೇಕಡಾವಾರು ಲೆಕ್ಕ ಓದಿದೆ, ಅರ್ಧ ಜನ ಎದ್ದುಹೋದರು. ಕಚೇರಿಗೆ ಮನವಿ ಕೊಟ್ಟರೆ ‘ಇದರಲ್ಲಿ ವಿವರವೇ ಇಲ್ಲ’ ಅಂದರು. ಬೆಂಗಳೂರಿನ ತಮ್ಮನಿಗೆ ಹೊಲದ ಫೋಟೊ ಕಳಿಸಿದರೆ ‘ಹಸಿರಾಗೇ ಇದೆಯಲ್ಲಕ್ಕಾ’ ಅಂತಾನೆ. ಏನು ಮಾಡಲಿ?
— ಓದುಗಿ, ತುಮಕೂರು ಜಿಲ್ಲೆ

ಉತ್ತರ: ತಮ್ಮನನ್ನು ಬೈಯಬೇಡಿ ತಾಯೀ. 2023ರಲ್ಲಿ ದಿಲ್ಲಿಯಿಂದ ಬಂದ ಅಧ್ಯಯನ ತಂಡಕ್ಕೂ ನಮ್ಮ ಸರ್ಕಾರ ಇದನ್ನೇ ಬಿಡಿಸಿ ಹೇಳಬೇಕಾಯಿತು. ‘ಹಸಿರು ಬರ’ ಅನ್ನುವ ಮಾತು ಪತ್ರಿಕೆಗಳಲ್ಲಿ ಓಡಾಡಿದ್ದು ಆಗಲೇ. ಆ ವರ್ಷ ರಾಜ್ಯದಲ್ಲಿ ಜೂನ್ ಮಳೆ ವಾಡಿಕೆಗಿಂತ ಶೇ 56 ಕಡಿಮೆ, ಜುಲೈನಲ್ಲಿ ಶೇ 29 ಹೆಚ್ಚು, ಆಗಸ್ಟ್‌ನಲ್ಲಿ ಶೇ 73 ಕಡಿಮೆ. ಜುಲೈ ಮಳೆಗೆ ಎದ್ದ ಪೈರು ಆಗಸ್ಟ್‌ನಲ್ಲಿ ಕಾಳು ಕಟ್ಟಲಿಲ್ಲ. ಕೊನೆಗೆ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು.

ಮೊದಲು ಮನವಿಯ ವಿಷಯ, ಏಕೆಂದರೆ ದುಡ್ಡು ಇರುವುದು ಅಲ್ಲಿ. ನಾನು ಕೃಷಿ ಇಲಾಖೆಯಲ್ಲಿದ್ದಾಗ ಬರುತ್ತಿದ್ದ ಮನವಿಗಳಲ್ಲಿ ‘ಭೀಕರ ಬರಗಾಲ’, ‘ರೈತರು ಕಂಗಾಲು’ ಧಾರಾಳವಾಗಿ ಇರುತ್ತಿದ್ದವು. ಯಾವ ಸರ್ವೆ ನಂಬರ್ ಅನ್ನುವುದು ಮಾತ್ರ ಇರುತ್ತಿರಲಿಲ್ಲ. ಕಂಗಾಲು ಅನ್ನುವುದಕ್ಕೆ ಸರ್ಕಾರಿ ನಮೂನೆಯಲ್ಲಿ ಕಲಂ ಇಲ್ಲ. ಕೇಂದ್ರದ ಬರ ಕೈಪಿಡಿ ಕೇಳುವುದೇ ಬೇರೆ: ಬಿತ್ತಿದ ಮೇಲೆ ಸತತ ಮೂರು-ನಾಲ್ಕು ವಾರ ಮಳೆ ಕೈಕೊಟ್ಟಿತೇ, ಎಷ್ಟು ಬಿತ್ತನೆಯಾಗಿದೆ, ಉಪಗ್ರಹ ಚಿತ್ರದಲ್ಲಿ ಪೈರು ಹೇಗಿದೆ, ಮಣ್ಣಲ್ಲಿ ತೇವ ಎಷ್ಟು. ಉಪಗ್ರಹಕ್ಕೆ ಕಾಣುವುದು ಎಲೆ. ನೆಲದೊಳಗಿನ ಕಾಯಿ ಕಾಣುವುದಿಲ್ಲ. ಅದಕ್ಕೇ ಆಯ್ದ ಹಳ್ಳಿಗಳಲ್ಲಿ ಹೊಲಕ್ಕೆ ಇಳಿದು ನೋಡಬೇಕೆಂಬ ನಿಯಮ ಇದೆ. ಆ ಸಮೀಕ್ಷೆಯವರು ಬಂದ ದಿನ ಊರಿನವರು ಮದುವೆಗೆ ಹೋಗಿದ್ದರೆ ಮುಗಿಯಿತು.

ಆದ್ದರಿಂದ ಬಿತ್ತಿದ ತಾರೀಖು, ಕಡೆಯ ಹದ ಮಳೆ ಬಿದ್ದ ತಾರೀಖು, ಹೂ ಬಿಟ್ಟಾಗ, ಊಡು (ಹೂವಿನಿಂದ ಮಣ್ಣಿಗಿಳಿದು ಕಾಯಾಗುವ ಎಳೆ) ಇಳಿಯುವಾಗ ಎಷ್ಟು ವಾರ ಒಣಗಿತು, ಗಿಡಕ್ಕೆ ಕಾಯಿ ಎಷ್ಟು, ಇಷ್ಟು ಬರೆಯಿರಿ. ನಿಮ್ಮ ಪಂಚಾಯಿತಿಯ ಮಳೆಮಾಪಕದ ಲೆಕ್ಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತದೆ, ಲಗತ್ತಿಸಿ. ಬೆಳೆ ನಷ್ಟ ಮೂರನೇ ಒಂದು ಪಾಲಿಗೂ ಕಡಿಮೆ ಅಂತಾದರೆ ಪರಿಹಾರವಿಲ್ಲ; ಶೇ 33ರ ಮಿತಿ ಅದು. 2023ರ ಬರದ ಸಾಲಿನ ದರದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರ್‌ವರೆಗೆ. ಬಿತ್ತನೆ ಬೀಜದ ಖರ್ಚಿಗೂ ಸಾಲದು ಅಂತೀರಿ, ನಿಜ. ಆದರೆ ಆ ಜಗಳ ಬೇರೆ ಕಾಗದದಲ್ಲಿ ಆಡಿ, ಇದರಲ್ಲಿ ಬೆರೆಸಬೇಡಿ.

ಗ್ರಾಮಸಭೆಯಲ್ಲಿ ಶೇಕಡಾ ಯಾಕೆ ಓದಿದಿರಿ? ಮಳೆ ಬಂದಿಲ್ಲ ಅನ್ನುವುದನ್ನು ರೈತನಿಗೆ ಹೇಳಬೇಕಾ? ಅವರಿಗೆ ಗೊತ್ತಿಲ್ಲದ್ದನ್ನು ಹೇಳಿ. ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಆಗದೆ ಉಳಿದವರ ಪಟ್ಟಿ ಓದಿ. 2023ರ ಬರ ಪರಿಹಾರ ಖಾತೆಗೆ ಬಂದದ್ದು ಅದರ ಮೇಲೆಯೇ. ಬೋರ್‌ವೆಲ್ ಬತ್ತಿದರೆ ಟ್ಯಾಂಕರ್ ಮೊದಲು ಯಾವ ಕೇರಿಗೆ, ಮೇವು ಎಷ್ಟು ವಾರಕ್ಕೆ ಇದೆ ಎಂದು ಕೇಳಿ, ಯಾರೂ ಏಳುವುದಿಲ್ಲ. ಬಿತ್ತದೆ ಉಳಿದ ಹೊಲಕ್ಕೆ ಇನ್ನು ಕಡ್ಲೆಕಾಯಿ ಬೇಡ, ಹುರುಳಿ ಹಾಕಿ ಅನ್ನಿ. ಅದನ್ನು ಮಾತ್ರ ‘ಮಘೆ ಮಳೆ ಬಂದರೆ’ ಅಂತ ಮಳೆ ಹೆಸರು ಹಿಡಿದು ಹೇಳಿ. ಗುತ್ತಿಗೆಗೆ ಹೊಲ ಮಾಡುವವರನ್ನು ಸಭೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ಮಾತಾಡಿಸಿ. ಪಹಣಿ ಇರುವವರ ಖಾತೆಗೆ ಪರಿಹಾರ ಹೋಗುತ್ತದೆ, ಬೆವರು ಇವರದು. ನಾಲ್ಕು ಜನರ ಮುಂದೆ ಅವರು ಬಾಯಿ ಬಿಡುವುದಿಲ್ಲ.

ತಮ್ಮನಿಗೆ ಬಿರುಕು ಬಿಟ್ಟ ಕೆರೆ ಅಂಗಳದ ಫೋಟೊ ಕಳಿಸಲು ಹೋಗಬೇಡಿ; ಏಪ್ರಿಲ್‌ನಲ್ಲಿ ಯಾವ ಕೆರೆ ಬಿರುಕು ಬಿಡುವುದಿಲ್ಲ? ಅದೇ ಹಸಿರು ಹೊಲದಿಂದ ಒಂದು ಗಿಡ ಕಿತ್ತು, ಬೇರು ಒದರಿ, ಬಿಳಿ ಟವೆಲ್ ಮೇಲೆ ಇಟ್ಟು ತೆಗೆಯಿರಿ. ಪಕ್ಕದಲ್ಲಿ ನೀರಾವರಿ ಹೊಲದ ಗಿಡ ಒಂದಿರಲಿ.

ಪ್ರಶ್ನೆ: ಏಳನೇ ತರಗತಿ ಮಕ್ಕಳಿಗೆ ಮಿಲಿಮೀಟರ್ ಮಳೆ ಅಂದರೆ ಅರ್ಥವಾಗುವುದಿಲ್ಲ. ಬರದ ಪಾಠ ಹೇಗೆ ಮಾಡಲಿ?
— ಶಿಕ್ಷಕ, ಕೊಪ್ಪಳ ಜಿಲ್ಲೆ

ಉತ್ತರ: ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು ಮೇಷ್ಟ್ರೇ. ಎಕರೆಗೆ 25 ಮಿ.ಮೀ. ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್. ಎಷ್ಟು ಟ್ಯಾಂಕರ್ ಆಯಿತು ಅಂತ ಹುಡುಗರೇ ಭಾಗಿಸಲಿ. ಬಾಯಿ-ತಳ ಒಂದೇ ಅಗಲ ಇರುವ ಡಬ್ಬ ಅಂಗಳದಲ್ಲಿಟ್ಟು, ದಿನಾ ಬೆಳಿಗ್ಗೆ ಎಂಟೂವರೆಗೆ ಸ್ಕೇಲ್ ಅದ್ದಿ ಅಳೆದು ಗೋಡೆಗೆ ಬರೆಯಲಿ. ಮಳೆ ಇಲ್ಲದ ದಿನವೂ ಸೊನ್ನೆ ಬರೆಯಿಸಿ. ಒಣಗಿದ ವಾರ ಎಷ್ಟು ಅಂತ ಎಣಿಸುವುದಕ್ಕೆ ಆ ಸೊನ್ನೆಗಳೇ ಬೇಕು.