ಆರ್‌ಎನ್‌ಎಗೆ ಕೊಲೆಸ್ಟರಾಲ್ ಜೋಡಿಸುವುದೋ, ಪಾಲ್ಮಿಟಿಕ್ ಆಮ್ಲ ಜೋಡಿಸುವುದೋ?

ಮಂಜೇಶ್ವರದ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿ, ಈಗ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡುತ್ತಿರುವ ನೀವು, ಆರ್‌ಎನ್‌ಎ ತುಣುಕಿಗೆ ಯಾವ ಕೊಬ್ಬನ್ನು ಜೋಡಿಸಿದರೆ ಅದು ಜೀವಕೋಶದೊಳಕ್ಕೆ ಹೆಚ್ಚು ಸುಲಭವಾಗಿ ಹೋಗುತ್ತದೆ ಎಂದು ಕೇಳಿದ್ದೀರಿ. ಬದಿಯಡ್ಕದ ಕಡೆಯಿಂದ ಹೊರಟು ಸಂಶೋಧನೆಗೆ ಸೇರಿದಾಗ ನನ್ನನ್ನು ಕಾಡುತ್ತಿದ್ದುದೂ ಇದೇ ಪ್ರಶ್ನೆ.

ಆರ್‌ಎನ್‌ಎಯಂಥ ನ್ಯೂಕ್ಲಿಯಿಕ್ ಆಮ್ಲದ ಫಾಸ್ಫೇಟುಗಳ ತುಂಬ ಋಣ ವಿದ್ಯುದಂಶವಿರುತ್ತದೆ. ಕೋಶದ ಪೊರೆಯ ನಡುಭಾಗವಾದರೋ ಬರಿಯ ಕೊಬ್ಬು, ವಿದ್ಯುದಂಶವಿರುವ ಅಣು ಅದನ್ನು ಸುಲಭವಾಗಿ ದಾಟಲಾರದು. ಆದ್ದರಿಂದ ಕೊಬ್ಬಿನ ಬಾಲವೊಂದನ್ನು ಅಂಟಿಸಿದರೆ ದಾರಿ ತೆರೆದಂತೆಯೇ ಎಂದು ನಾನು ನಂಬಿದ್ದೆ. ಒಂದು ತುದಿಗೆ ಕೊಲೆಸ್ಟರಾಲ್, ಇನ್ನೊಂದು ತುದಿಗೆ ಹಸಿರು ಫ್ಲೋರೊಸೆಂಟ್ ಬಣ್ಣ ಜೋಡಿಸಿ ಕೋಶಗಳ ಮೇಲೆ ಹಾಕಿದೆ. ಸೂಕ್ಷ್ಮದರ್ಶಕದಲ್ಲಿ ಪ್ರತಿಯೊಂದು ಕೋಶವೂ ಬೆಳಗುತ್ತಿತ್ತು: ಅಂಚಿನಲ್ಲಿ ತೆಳುವಾದ ಹಸಿರು ಉಂಗುರ, ಒಳಗೆ ಚುಕ್ಕೆ ಚುಕ್ಕೆಯಾಗಿ ಹೊಳಪು. ಆ ಚಿತ್ರಗಳನ್ನು ನೆಚ್ಚಿಕೊಂಡು ವರ್ಷಕ್ಕೂ ಮಿಕ್ಕಿದ ಕಾಲ ಬಾಲದ ಉದ್ದವನ್ನು ಬದಲಿಸುತ್ತ ಕಳೆದೆ.

ತಪ್ಪು ನಡೆದದ್ದು ಅಲ್ಲಿಯೇ. ಅದನ್ನು ಬಿಡಿಸಿ ಹೇಳುತ್ತೇನೆ. ಉಂಗುರವೆಂದರೆ ಪೊರೆಗೆ ಅಂಟಿಕೊಂಡ ಅಣುಗಳು; ಚುಕ್ಕೆಗಳೆಂದರೆ ಎಂಡೋಸೋಮ್ ಎಂಬ ಚೀಲಗಳಲ್ಲಿ ಸಿಕ್ಕಿಬಿದ್ದ ಅಣುಗಳು. ನಾನು ಬಳಸಿದ ಎಸ್‌ಐಆರ್‌ಎನ್‌ಎ (ಪ್ರೋಟೀನ್ ತಯಾರಿಯ ಸಂದೇಶ ಒಯ್ಯುವ ಎಂಆರ್‌ಎನ್‌ಎಯನ್ನು ನಾಶಮಾಡಿಸುವ ಪುಟ್ಟ ಆರ್‌ಎನ್‌ಎ ತುಣುಕು) ಕೆಲಸ ಮಾಡಬೇಕಾದದ್ದು ಸೈಟೊಪ್ಲಾಸಂ ಎಂಬ ಕೋಶದೊಳಗಿನ ದ್ರವದಲ್ಲಿ, ಅಲ್ಲಿಗೆ ತಪ್ಪಿಸಿಕೊಂಡು ಬರುವುದು ಅದರ ಬಹು ಸಣ್ಣ ಪಾಲು ಮಾತ್ರ. ಜಗಲಿಯಲ್ಲಿ ಕುಳಿತ ನೆಂಟರನ್ನು ಒಳಗೆ ಬಂದು ಊಟ ಮಾಡಿದವರೆಂದು ಲೆಕ್ಕ ಹಿಡಿದಂತಾಗಿತ್ತು ನನ್ನ ಕೆಲಸ. ಆರ್‌ಎನ್‌ಎ ತುಂಡಾಗಿ ಬಣ್ಣ ಮಾತ್ರ ಕೋಶದಲ್ಲಿ ಉಳಿದಿದ್ದರೂ ಅದೇ ಹೊಳಪು ಕಾಣಿಸುತ್ತದೆ ಎಂಬುದನ್ನೂ ನಾನು ಯೋಚಿಸಿರಲಿಲ್ಲ. ಗುರಿಯಾದ ಎಂಆರ್‌ಎನ್‌ಎ ಕಡಿಮೆಯಾಯಿತೇ ಎಂದು ಅಳೆಯಲಿಲ್ಲ. ಅಕ್ಷರಗಳ (ಆರ್‌ಎನ್‌ಎ ಸರಪಳಿಯ ಘಟಕಗಳ) ಕ್ರಮ ಕೆಡಿಸಿದ ಹೋಲಿಕೆಯ ತುಣುಕನ್ನು ಇಟ್ಟಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹೊಳಪು ಚೆನ್ನಾಗಿ ಬರುತ್ತದೆಂದು ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಇಲ್ಲದ ಮಾಧ್ಯಮದಲ್ಲೇ ಕೋಶಗಳನ್ನು ಇಟ್ಟಿದ್ದೆ. ಲ್ಯಾಬಿನ ಹಿರಿಯರೊಬ್ಬರು ಹೇಳಿದ್ದರಿಂದ ಸೀರಂ ಸೇರಿಸಿ ನೋಡಿದಾಗ ಉಂಗುರ ಮಾಸಿತು, ಎಂಆರ್‌ಎನ್‌ಎ ಅಳೆದಾಗ ಇಳಿಕೆಯೇ ಇರಲಿಲ್ಲ.

ಸೀರಂ ಏಕೆ ಅಷ್ಟು ಮುಖ್ಯವೆಂದರೆ, ರಕ್ತಕ್ಕೆ ಸೇರಿದ ಕೂಡಲೇ ಕೊಬ್ಬಿನ ಬಾಲವು ಅಲ್ಲಿನ ಆಲ್ಬುಮಿನ್ ಎಂಬ ಪ್ರೋಟೀನಿಗೋ ಕೊಬ್ಬು ಹೊರುವ ಲಿಪೊಪ್ರೋಟೀನ್ ಕಣಗಳಿಗೋ ಅಂಟಿಕೊಳ್ಳುತ್ತದೆ, ಮುಂದೆ ಅಣು ಎಲ್ಲಿಗೆ ಹೋಗಬೇಕೆಂಬುದನ್ನು ನಿರ್ಧರಿಸುವುದರಲ್ಲಿ ಅವುಗಳ ಪಾತ್ರ ದೊಡ್ಡದು. 2004ರಲ್ಲಿ ಕೊಲೆಸ್ಟರಾಲ್ ಜೋಡಿಸಿದ ಎಸ್‌ಐಆರ್‌ಎನ್‌ಎಯನ್ನು ಇಲಿಗಳ ರಕ್ತನಾಳಕ್ಕೆ ಕೊಟ್ಟು, ಯಕೃತ್ತಿನಲ್ಲಿಯೂ ಸಣ್ಣ ಕರುಳಿನಲ್ಲಿಯೂ ಅಪೊಲಿಪೊಪ್ರೋಟೀನ್ ಬಿ ಎಂಬ, ಲಿಪೊಪ್ರೋಟೀನ್ ಕಣಗಳ ಭಾಗವಾದ ಪ್ರೋಟೀನಿನ ತಯಾರಿಯನ್ನು ತಗ್ಗಿಸಿದ್ದನ್ನು ನೀವು ಓದಿರಬಹುದು. ಎಲ್‌ಡಿಎಲ್, ಎಚ್‌ಡಿಎಲ್ ಎಂಬ ಲಿಪೊಪ್ರೋಟೀನ್ ಕಣಗಳು ಇಂಥ ಅಣುಗಳನ್ನು ಹೊತ್ತೊಯ್ದು ಯಕೃತ್ತಿಗೆ ತಲುಪಿಸುತ್ತವೆ ಎಂಬುದು ಆಮೇಲಿನ ಅಧ್ಯಯನಗಳಲ್ಲಿ ತಿಳಿದುಬಂತು. ಪಾಲ್ಮಿಟಿಕ್ ಆಮ್ಲ ಎಂಬ ಕೊಬ್ಬಿನಾಮ್ಲವೂ ಕೀಳಲ್ಲ: 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಮೆಟೆಲ್‌ಸ್ಟಾಟ್ ಎಂಬ ಔಷಧ 13 ಅಕ್ಷರಗಳ ತುಣುಕು, ಅದರ 5′ ತುದಿಯಲ್ಲಿರುವುದು ಪಾಲ್ಮಿಟಾಯ್ಲ್ ಬಾಲ. ಅದು ವರ್ಣತಂತುಗಳ ತುದಿಯನ್ನು ಉದ್ದ ಮಾಡುವ ಟೆಲೊಮರೇಸ್‌ನ ಆರ್‌ಎನ್‌ಎ ಭಾಗಕ್ಕೆ ಕೂತು ಆ ಕಿಣ್ವವನ್ನು ತಡೆಯುತ್ತದೆ. ಎಸ್‌ಐಆರ್‌ಎನ್‌ಎಯ ದಾರಿಯೇ ಬೇರೆ.

ಹಾಗಾಗಿ ಯಾವ ಕೊಬ್ಬು ಮೇಲು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವ ಅಂಗಾಂಶ, ಯಾವ ಆರ್‌ಎನ್‌ಎ, ಯಾವ ಅಳತೆ ಎಂಬುದನ್ನು ಮೊದಲು ನಿಶ್ಚಯಿಸಿ, ಬಾಲವನ್ನು ಆಮೇಲೆ ಆರಿಸಿಕೊಳ್ಳಿ. ನಿಮ್ಮ ಮಾರ್ಗದರ್ಶಕರು ಕೊಲೆಸ್ಟರಾಲ್ ಬೇಕೆಂದರೆ ಅದನ್ನೇ ಮಾಡಿ, ಆ ಚರ್ಚೆಯಲ್ಲಿ ಸಮಯ ಕಳೆಯಬೇಡಿ. ಬಣ್ಣವಿಲ್ಲದ ಅಣುವಿನಿಂದಲೇ, ಸೀರಂ ಇರುವ ಮಾಧ್ಯಮದಲ್ಲಿಯೇ, ಅಕ್ಷರ ಕೆಡಿಸಿದ ತುಣುಕಿನ ಜೊತೆಗೇ ಮೊದಲ ಪ್ರಯೋಗ ಮಾಡಿ ಎಂಆರ್‌ಎನ್‌ಎಯನ್ನು ಅಳೆಯಿರಿ. ಈ ಅಣುಗಳು ಒಂದಕ್ಕೊಂದು ಸೇರಿ ಮೈಸೆಲ್ ಎಂಬ ಪುಟ್ಟ ಉಂಡೆಗಳನ್ನು ಕಟ್ಟುತ್ತವೆ, ತೆಳು ದ್ರಾವಣದಲ್ಲಿ ಪ್ಲಾಸ್ಟಿಕ್ ಟ್ಯೂಬಿನ ಗೋಡೆಗೂ ಅಂಟುತ್ತವೆ. ಹಾಗಾಗಿ ಕೋಶಗಳಿಗೆ ಹಾಕುವ ಮೊದಲು ದ್ರಾವಣದಲ್ಲಿ ಎಷ್ಟು ಉಳಿದಿದೆ ಎಂದು ನ್ಯೂಕ್ಲಿಯಿಕ್ ಆಮ್ಲ ಹೀರುವ 260 ನ್ಯಾನೊಮೀಟರಿನ ಬೆಳಕಿನಲ್ಲಿ ಮತ್ತೊಮ್ಮೆ ಅಳೆದುಕೊಳ್ಳಿ. ಇಳಿಕೆ ಕಂಡುಬಂದ ಮೇಲೆ ಮಾತ್ರ ಬಣ್ಣ ಜೋಡಿಸಿ ಸೂಕ್ಷ್ಮದರ್ಶಕದ ಮುಂದೆ ಕುಳಿತುಕೊಳ್ಳಿ.