ಸೋಲೋ ಬೇಕಾ, ರಿಫ್ ಸಾಕಾ?

ಪ್ರಶ್ನೆ: ಸರ್, ನಾವು ನಾಲ್ಕು ಜನ ಸೇರಿ ಕಾಲೇಜಿನಲ್ಲಿ ಮೆಟಲ್ ಬ್ಯಾಂಡ್ ಕಟ್ಟಿದ್ದೇವೆ. ಹಾಡುವವನು ಒಬ್ಬ, ಬೇಸ್, ಡ್ರಮ್ಸ್, ಗಿಟಾರ್ ನಾನು. ನಮ್ಮ ಹೊಸ ಹಾಡಿಗೆ ಕಷ್ಟಪಟ್ಟು ಒಂದು ಸೋಲೋ (ಹಾಡಿನ ನಡುವೆ ಗಿಟಾರ್ ಒಂದೇ ಮುಂದೆ ಬಂದು ನುಡಿಸುವ ಭಾಗ) ಮಾಡಿದೆ. ಡ್ರಮ್ಮರ್ ‘ಈಗ ಸೋಲೋ ಯಾರು ಕೇಳ್ತಾರೆ ಮಾರಾಯ, ಆ ಜಾಗದಲ್ಲಿ ಬ್ರೇಕ್‌ಡೌನ್ (ವೇಗ ಇಳಿಸಿ ಭಾರವಾದ ಹೊಡೆತ ಹಾಕುವ ಭಾಗ) ಹಾಕುವ, ಜನ ಕುಣೀತಾರೆ’ ಅಂತಾನೆ. ಹೆವಿ ಮೆಟಲ್‌ನಲ್ಲಿ ಗಿಟಾರ್ ಸೋಲೋ ಕಾಲ ಮುಗಿಯಿತಾ?
– ಒಬ್ಬ ಓದುಗ, ಮಂಗಳೂರು

ಉತ್ತರ: ಡ್ರಮ್ಮರ್‌ಗಳು ಈ ಮಾತು ಹೇಳುವುದು ಹೊಸದೇನಲ್ಲ. ನೀವು ಸೋಲೋ ನುಡಿಸುವಾಗ ಅವರಿಗೆ ಕೆಲಸ ಜಾಸ್ತಿ, ಹೆಸರು ಕಮ್ಮಿ. ಆದರೂ ನಿಮ್ಮ ಗೆಳೆಯ ಹೇಳಿದ್ದರಲ್ಲಿ ಅರ್ಧ ನಿಜ ಇದೆ.

ಮೆಟಲ್ ಹುಟ್ಟಿದ್ದು ರಿಫ್‌ನಿಂದ, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕಿನಿಂದ, ಸೋಲೋದಿಂದಲ್ಲ. ಬ್ಲ್ಯಾಕ್ ಸಬ್ಬತ್‌ನ ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮ್‌ನಲ್ಲಿ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. 17ನೇ ವಯಸ್ಸಿನಲ್ಲಿ ಅಲ್ಲಿನ ಮೆಷಿನ್‌ಗೆ ಬಲಗೈಯ ಎರಡು ಬೆರಳ ತುದಿ ಹೋಯಿತು. ಅವರು ಎಡಚರು, ಹಾಗಾಗಿ ತಂತಿ ಒತ್ತುವ ಕೈ ಅದೇ. ಪಾತ್ರೆ ತೊಳೆಯುವ ಲಿಕ್ವಿಡ್‌ನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು. ಅದರ ಮೇಲೆ ಚರ್ಮದ ತುಂಡು ಅಂಟಿಸಿಕೊಂಡರು. ಒತ್ತುವುದು ಸುಲಭವಾಗಲಿ ಅಂತ ತೆಳ್ಳನೆ ತಂತಿ ಹಾಕಿದರು. 1971ರ ಆಲ್ಬಮ್ ಹೊತ್ತಿಗೆ ಟ್ಯೂನಿಂಗನ್ನೇ ಮೂರು ಫ್ರೆಟ್‌ನಷ್ಟು (ಫ್ರೆಟ್ ಅಂದರೆ ಗಿಟಾರ್ ಕತ್ತಿನ ಮೇಲಿನ ಅಡ್ಡಪಟ್ಟಿ) ಕೆಳಗೆ ಇಳಿಸಿದರು. ತಂತಿ ಸಡಿಲವಾಯಿತು, ಸದ್ದು ದಪ್ಪವಾಯಿತು. ಮೆಟಲ್ ಅಂದರೆ ಇವತ್ತಿಗೂ ಕಿವಿಗೆ ಬರುವುದು ಆ ಸದ್ದೇ. ಹಾಗಂತ ಅಯೋಮಿ ಸೋಲೋ ಬಿಟ್ಟರಾ? ಇಲ್ಲ. ಆ ಬೆರಳುಗಳಲ್ಲೇ ‘ವಾರ್ ಪಿಗ್ಸ್’ ಹಾಡಿನ ಸೋಲೋ ನುಡಿಸಿದರು.

ಸೋಲೋಗೆ ಕೊಬ್ಬು ಬಂದಿದ್ದು ಆಮೇಲೆ. 1978ರಲ್ಲಿ ಎಡ್ಡಿ ವ್ಯಾನ್ ಹೇಲನ್ ‘ಇರಪ್ಷನ್’ ಅಂತ ಎರಡು ನಿಮಿಷವೂ ಇಲ್ಲದ ಒಂದು ತುಣುಕು ನುಡಿಸಿ ಗಿಟಾರ್ ಹಿಡಿದವರ ನಿದ್ದೆ ಕೆಡಿಸಿದರು. 1984ರಲ್ಲಿ ಸ್ವೀಡನ್ನಿನ ಇಂಗ್ವೆ ಮಾಲ್ಮ್‌ಸ್ಟೀನ್ ಬಂದರು. ಆಮೇಲೆ ಬರೀ ಓಟದ ಪಂದ್ಯ. ಎರಡನೇ ಕೋರಸ್ ಮುಗಿಯಿತು ಅಂದರೆ ಸೋಲೋ ಬರಲೇಬೇಕು, ಹಾಡಿಗೆ ಬೇಕಿರಲಿ ಬಿಡಲಿ. ಅಂಥ ಎಷ್ಟೋ ಸೋಲೋಗಳನ್ನು ಈಗ ಕೇಳಿದರೆ ನನಗೆ ಆಕಳಿಕೆ ಬರುತ್ತದೆ. 90ರ ದಶಕದ ಹುಡುಗರಿಗೂ ಬೇಜಾರಾಗಿತ್ತು. 1994ರಲ್ಲಿ ಬಂದ ಕಾರ್ನ್ ಬ್ಯಾಂಡ್ ಏಳು ತಂತಿಯ ಗಿಟಾರ್ ಇಟ್ಟುಕೊಂಡೂ ಸೋಲೋ ಕಡೆ ತಲೆ ಹಾಕಲಿಲ್ಲ. ನು-ಮೆಟಲ್ ಅಂತ ಹೆಸರಾದ ಬ್ಯಾಂಡ್‌ಗಳು ಹೆಚ್ಚುಕಮ್ಮಿ ಅದೇ ದಾರಿ ಹಿಡಿದವು.

ಕೊನೆಗೆ ಸೋಲೋಗೆ ಹೆಸರಾದ ಮೆಟಾಲಿಕಾ ಬ್ಯಾಂಡೇ 2003ರಲ್ಲಿ ‘ಸೇಂಟ್ ಆಂಗರ್’ ಮಾಡಿತು. 75 ನಿಮಿಷದ ಆಲ್ಬಮ್, ಒಂದೂ ಸೋಲೋ ಇಲ್ಲ. ಅದರ ತಯಾರಿ ಬಗ್ಗೆ ಒಂದು ಸಾಕ್ಷ್ಯಚಿತ್ರ ಇದೆ. ಅದರಲ್ಲಿ ಬ್ಯಾಂಡ್‌ನ ಸೋಲೋ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್ ವಾದ ಮಾಡುವುದನ್ನು ನೋಡಬೇಕು. ಪಾಪ, ಸಾಧು ಮನುಷ್ಯ. ಸೋಲೋ ತೆಗೆದರೆ ಈ ಆಲ್ಬಮ್ ಮೇಲೆ ಈ ಕಾಲದ ಮುದ್ರೆ ಬಿದ್ದುಬಿಡುತ್ತೆ ಅನ್ನೋದು ಅವರ ತಕರಾರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಹಾಕಿ ಕೇಳಿ, 2003 ಅಂತ ಹಣೆ ಮೇಲೆ ಬರೆದಂತಿದೆ. 2008ರ ಆಲ್ಬಮ್‌ನಲ್ಲಿ ಸೋಲೋ ವಾಪಸ್ ಬಂತು.

ಇನ್ನು ಉಳಿದರ್ಧ ನಿಜಕ್ಕೆ ಬರುತ್ತೇನೆ. ಅದೇ ಮೆಟಾಲಿಕಾದ 1988ರ ‘ವನ್’ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಯುದ್ಧದಲ್ಲಿ ನೆಲಬಾಂಬ್ ಸಿಡಿದು ಕೈ, ಕಾಲು, ಕಣ್ಣು, ಕಿವಿ, ಮಾತು ಎಲ್ಲ ಕಳಕೊಂಡು ಆಸ್ಪತ್ರೆಯಲ್ಲಿ ಬಿದ್ದಿರುವ ಸೈನಿಕನ ಕಥೆ. ಮೆಲ್ಲಗೆ ಶುರುವಾಗುತ್ತದೆ. ಕೊನೆ ಭಾಗದಲ್ಲಿ ಡ್ರಮ್ಸ್ ಮೆಷಿನ್‌ಗನ್ ಥರ ಬಡಿಯುತ್ತದೆ. ಏನೇನು ಹೋಯಿತು ಅಂತ ಗಾಯಕ ಹೆಟ್‌ಫೀಲ್ಡ್ ಒಂದೊಂದೇ ಕೂಗಿ ಹೇಳುತ್ತಾರೆ. ಅಲ್ಲಿಗೆ ಹಾಡುವ ದನಿ ಪೂರ್ತಿ ನಿಲ್ಲುತ್ತದೆ, ಮತ್ತೆ ಬರುವುದೇ ಇಲ್ಲ. ಆ ಸೈನಿಕನಿಗೆ ಬಾಯಿಯೇ ಇಲ್ಲವಲ್ಲ, ಇನ್ನು ಹಾಡುವುದು ಯಾರು? ಆಗ ಹ್ಯಾಮೆಟ್ ಎರಡೂ ಕೈಯ ಬೆರಳಲ್ಲಿ ತಂತಿ ಕುಟ್ಟುತ್ತಾ (ಇದೇ ಟ್ಯಾಪಿಂಗ್) ಒಳಗೆ ನುಗ್ಗುತ್ತಾರೆ. ಮನುಷ್ಯನ ಬಾಯಿಂದ ಹೊರಡದ ಕೂಗು ಅದು. ಆ ಜಾಗದಲ್ಲಿ ಬ್ರೇಕ್‌ಡೌನ್ ಹಾಕಿದ್ದರೆ ಕಥೆ ಅರ್ಧಕ್ಕೇ ನಿಲ್ಲುತ್ತಿತ್ತು.

ಸೋಲೋಗೆ ಬೆಲೆ ಇದೆಯಾ ಇಲ್ಲವಾ ಅನ್ನುವುದಕ್ಕೆ ನನ್ನ ಬಳಿ ಇರುವ ಪರೀಕ್ಷೆ ಇಷ್ಟೇ. ಅದನ್ನು ಕಿತ್ತು ಹಾಕಿದರೆ ಹಾಡಿಗೆ ಏನಾದರೂ ನಷ್ಟವಾಗುತ್ತಾ? ಇನ್ನೊಂದು ಸಣ್ಣ ಪರೀಕ್ಷೆಯೂ ಇದೆ, ಬಾಯಲ್ಲಿ ಗುನುಗಲು ಬರುತ್ತಾ ಅಂತ. 2007ರ ಮಾರ್ಚ್ 17ರಂದು ಬೆಂಗಳೂರು ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ನಾನೂ ಆ ಧೂಳಿನಲ್ಲಿ ನಿಂತಿದ್ದೆ. ಪಕ್ಕದಲ್ಲಿದ್ದವನಿಗೆ ಹಾಡಿನ ಸಾಲು ನೆಟ್ಟಗೆ ಬರುತ್ತಿರಲಿಲ್ಲ. ಗಿಟಾರ್ ಬಂದಾಗ ಮಾತ್ರ ‘ಓ ಓ’ ಅಂತ ಒಂದು ಸ್ವರವೂ ತಪ್ಪದೆ ಹಾಡುತ್ತಿದ್ದ! ನಮ್ಮ ಬೆಂಗಳೂರಿನ ಕ್ರಿಪ್ಟೋಸ್ ಬ್ಯಾಂಡ್‌ನವರು ಇವತ್ತಿಗೂ ಎರಡು ಗಿಟಾರ್ ಜೊತೆಯಾಗಿ ನುಡಿಯುವ ಆ ಹಳೇ ಶೈಲಿಯನ್ನೇ ಹಿಡಿದಿದ್ದಾರೆ. ಅದನ್ನೇ ಹಿಡಿದುಕೊಂಡು 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲೂ ನುಡಿಸಿ ಬಂದರು. ಇತ್ತ ದೆಹಲಿಯ ಬ್ಲಡಿವುಡ್‌ನಲ್ಲಿ ಗಿಟಾರ್ ನುಡಿಸುವವರೇ ಕೊಳಲನ್ನೂ ನುಡಿಸುತ್ತಾರೆ. ಸೋಲೋ ಬರಬೇಕಾದ ಕಡೆ ಎಷ್ಟೋ ಸಲ ಕೊಳಲೇ ಬರುತ್ತದೆ. ಅಂದರೆ ಆ ಜಾಗ ಬೇಕು, ತುಂಬುವವರು ಬೇರೆಯಾಗಬಹುದು ಅಷ್ಟೆ.

ನಿಮ್ಮ ಬ್ಯಾಂಡ್ ವಿಷಯ. ಇರುವುದು ಒಂದೇ ಗಿಟಾರ್ ಅಂದಿರಿ. ಗಲಾಟೆ ಇರುವುದು ಅಲ್ಲೇ ಅಂತ ನನ್ನ ಅನುಮಾನ. ನೀವು 12ನೇ ಫ್ರೆಟ್ ದಾಟಿದ ತಕ್ಷಣ ಕೆಳಗಿನ ರಿಫ್ ನಿಂತುಹೋಗುತ್ತದೆ, ಇಡೀ ಬ್ಯಾಂಡ್ ತೆಳ್ಳಗೆ ಕೇಳಿಸುತ್ತದೆ. ಕುಣಿಯುತ್ತಿದ್ದವರು ಮೊಬೈಲ್ ತೆಗೆಯುತ್ತಾರೆ. ಡ್ರಮ್ಮರ್‌ಗೆ ಸಿಟ್ಟು ಬರದೆ ಇನ್ನೇನು? ಸಬ್ಬತ್‌ದೂ ಒಂದೇ ಗಿಟಾರ್, ಪ್ಯಾಂಟೆರಾದ್ದೂ ಒಂದೇ ಗಿಟಾರ್. ಅಯೋಮಿ ಸೋಲೋಗೆ ಹೋದಾಗ ಗೀಝರ್ ಬಟ್ಲರ್ ಬೇಸ್‌ನಲ್ಲಿ ಏನು ಮಾಡುತ್ತಾರೆ ಅಂತ ಕೇಳಿ, ಗಿಟಾರನ್ನು ಮರೆತು ಬರೀ ಅದನ್ನೇ ಕೇಳಿ. ನಿಮ್ಮ ಬೇಸ್ ಹುಡುಗನಿಗೆ ಸದ್ದನ್ನು ಒರಟು ಮಾಡುವ ಒಂದು ಡಿಸ್ಟಾರ್ಷನ್ ಪೆಡಲ್ ಕೊಡಿಸಿ, ರಿಫ್ ಅವನ ಕೈಗೆ ಬಿಡಿ. ಸೋಲೋವನ್ನು ಎಂಟು ಬಾರ್‌ಗೆ, ಅಂದರೆ ತಾಳದ ಎಂಟು ಸುತ್ತಿಗೆ ಇಳಿಸಿ. ಆಮೇಲೆ ಬ್ರೇಕ್‌ಡೌನ್ ಬೇಕಾದರೆ ಹಾಕಿಕೊಳ್ಳಲಿ ಬಿಡಿ, ಎರಡಕ್ಕೂ ಜಾಗ ಇದೆ.

ಪ್ರಶ್ನೆ: ನಮ್ಮ ಮಗ ಪಿಯುಸಿ. ಹಗಲೂ ರಾತ್ರಿ ಗಿಟಾರ್ ಹಿಡಿದು ಟರ್ ಟರ್ ಅಂತ ಒಂದೇ ಸಮನೆ ಜೋರಾಗಿ ಓಡಿಸ್ತಾನೆ. ಇದು ಸಂಗೀತವೇನ್ರೀ?
– ಒಬ್ಬ ತಾಯಿ, ತುಮಕೂರು

ಉತ್ತರ: ಸಂಗೀತಕ್ಕೆ ಮುಂಚಿನ ವ್ಯಾಯಾಮ ಅನ್ನಿ ಅಮ್ಮ. ಬೆರಳು ಓಡದೆ ಈ ಕೆಲಸ ಆಗುವುದಿಲ್ಲ. ಆದರೆ ಬರೀ ಓಡಿದರೂ ಆಗುವುದಿಲ್ಲ. ಅವನು ನುಡಿಸುವುದು ಬಹುಪಾಲು ಮೈನರ್ ಪೆಂಟಾಟಾನಿಕ್ ಇರುತ್ತದೆ, ಅಂದರೆ ನಮ್ಮ ಶುದ್ಧ ಧನ್ಯಾಸಿಯ ಐದು ಸ್ವರಗಳೇ. ನಿಮಗೆ ಸಂಗೀತದ ಪರಿಚಯ ಇದ್ದರೆ ‘ಆ ಗಾಂಧಾರದ ಮೇಲೆ ಸ್ವಲ್ಪ ನಿಲ್ಲೋ’ ಅಂತ ಹೇಳಿ ನೋಡಿ. ತಂತಿ ಎಳೆದು ಸ್ವರ ಏರಿಸಿ, ಅಲ್ಲೇ ಅಲುಗಾಡಿಸಿ ನಿಲ್ಲಿಸುವುದು ಓಡಿಸುವುದಕ್ಕಿಂತ ಕಷ್ಟ. ಮೊದಮೊದಲು ಶ್ರುತಿ ತಪ್ಪುತ್ತದೆ, ಬಯ್ಯಬೇಡಿ. ರಾತ್ರಿ ಹೊತ್ತು ಹೆಡ್‌ಫೋನ್ ಹಾಕಿಕೊಳ್ಳಲು ಮಾತ್ರ ಖಂಡಿತ ಹೇಳಿ, ಪಕ್ಕದ ಮನೆಯವರೂ ಮನುಷ್ಯರೇ.

ಪ್ರಶ್ನೆ: ಮೆಟಲ್ ನುಡಿಸಲು ಏಳು ತಂತಿಯ ಗಿಟಾರ್ ಕೊಳ್ಳಲೇಬೇಕಾ?
– ಒಬ್ಬ ಓದುಗ, ಶಿವಮೊಗ್ಗ

ಉತ್ತರ: ಬೇಡ. ತಮಾಷೆ ನೋಡಿ, ಐಬನೇಝ್ ಕಂಪನಿ 1990ರಲ್ಲಿ ತಂದ ಏಳು ತಂತಿಯ ಗಿಟಾರ್ ಸ್ಟೀವ್ ವಾಯ್ ಅನ್ನುವ ಸೋಲೋ ವೀರನಿಗಾಗಿ ಮಾಡಿದ್ದು. ಅದನ್ನು ಮನೆಮಾತು ಮಾಡಿದ್ದು ಸೋಲೋ ಬೇಡ ಅಂದ ಕಾರ್ನ್. ನೀವು ಸದ್ಯಕ್ಕೆ ಇರುವ ಆರು ತಂತಿಯಲ್ಲೇ ಸ್ವಲ್ಪ ದಪ್ಪದ ಸೆಟ್ ಹಾಕಿ, ಟ್ಯೂನಿಂಗ್ ಇಳಿಸಿ ನೋಡಿ. ತಂತಿ ಬದಲಿಸಿದ ಮೇಲೆ ಗೊತ್ತಿರುವವರ ಹತ್ತಿರ ಒಮ್ಮೆ ಸೆಟಪ್ ಮಾಡಿಸಿ. ಇಲ್ಲದಿದ್ದರೆ ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ನಿಲ್ಲುವುದಿಲ್ಲ, ಆಮೇಲೆ ಗಿಟಾರ್ ಸರಿ ಇಲ್ಲ ಅಂತ ನನಗೇ ಇನ್ನೊಂದು ಪತ್ರ ಬರೆಯುತ್ತೀರಿ.